ಪ್ಲೇಟು ಕೊಳ್ಳುವ ಮುನ್ನ ನೀರು ನೋಡಿ

ರಾಣೆಬೆನ್ನೂರಿನ ಓದುಗರೊಬ್ಬರು ತಮ್ಮ ಪ್ರೆಸ್ಸಿಗೆ ಸಿಟಿಪಿ ಯಂತ್ರ ಕೂರಿಸುತ್ತಿದ್ದಾರೆ. ಇಷ್ಟು ದಿನ ಹುಬ್ಬಳ್ಳಿಯಲ್ಲಿ ಪ್ಲೇಟು ಹೊಡೆಸಿ ಬಸ್ಸಿಗೆ ಹಾಕಿಸಿಕೊಳ್ಳುತ್ತಿದ್ದವರು. ಸುದ್ದಿ ತಿಳಿದು ಮೂವರು ಡೀಲರುಗಳು ಬಂದು ಮೂರು ಪೆಟ್ಟಿಗೆ ಇಟ್ಟು ಹೋಗಿದ್ದಾರಂತೆ: ಒಂದು ಕೊಡಾಕ್, ಒಂದು ನವಿ ಮುಂಬೈನ ಟೆಕ್ನೋವಾ, ಇನ್ನೊಂದು ಚೀನಾದ್ದು. "ಯಾವುದು ತಗೊಳ್ಳಲಿ ಸರ್?" ಎಂದು ಫೋನು ಮಾಡಿದರು. "ನಿಮ್ಮದು ಬೋರ್‌ವೆಲ್ ನೀರಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ.

ಆಫ್‌ಸೆಟ್ ಎನ್ನುವುದು ಎಣ್ಣೆ–ನೀರಿನ ಜಗಳ. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದಾಗಲೂ ಇದೇ ಜಗಳ, ಇವತ್ತಿನ ನಾಲ್ಕು ಬಣ್ಣದ ಯಂತ್ರದಲ್ಲೂ ಇದೇ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ತಗಡು ಬಂದಿದೆ, ಅಷ್ಟೆ. ತಗಡಿನ ಮೈಯನ್ನು ತರಿತರಿಯಾಗಿ ಮಾಡಿ, ಆನೊಡೈಸ್ ಮಾಡಿ, ಮೇಲೆ ಲೇಪ ಕೊಟ್ಟಿರುತ್ತಾರೆ. ಆ ತರಿ ನೀರು ಹಿಡಿಯಬೇಕು, ಲೇಪ ಇಂಕು ಹಿಡಿಯಬೇಕು. ಬೋರ್‌ವೆಲ್‌ನ ಗಡಸು ನೀರು ಬಂತೆಂದರೆ ಸುಣ್ಣದಂಶ ರೋಲರಿನ ಮೇಲೆ ಕೂತು ಇಂಕನ್ನೇ ಬಿಡಿಸುತ್ತದೆ, ಫೌಂಟನ್ ನೀರಿನ ಪಿಎಚ್ ಐದರ ಆಸುಪಾಸಿನಲ್ಲಿ ನಿಲ್ಲುವುದಿಲ್ಲ, ಬಿಳಿ ಜಾಗದಲ್ಲೆಲ್ಲ ತೆಳ್ಳಗೆ ಮಸಿ ಬರುತ್ತದೆ. ಮಷಿನ್‌ಮನ್ ಪ್ಲೇಟಿಗೆ ಬೈಯುತ್ತಾನೆ. ಡೀಲರು ಬಂದು ಇಂಕಿಗೆ ಬೈಯುತ್ತಾನೆ.

ಹೆಸರು ನೋಡಿ ಕೊಳ್ಳುವವರಿಗೆ ಒಂದು ಮಾತು. ಆಗ್ಫಾ ಎಂದು ನಾವು ಕರೆಯುತ್ತಿದ್ದ ಪ್ಲೇಟಿನ ವ್ಯವಹಾರ 2023ರಲ್ಲಿ ಕೈಬದಲಾಗಿ ಈಗ ಇಕೋ3 ಆಗಿದೆ. ಕೊಡಾಕ್ ಕಂಪನಿಯೇ 2019ರಲ್ಲಿ ಚೀನಾದ ಶಿಯಾಮೆನ್ ಪ್ಲೇಟು ಕಾರ್ಖಾನೆಯನ್ನು ಲಕ್ಕಿ ಹುವಾಗ್ವಾಂಗ್‌ಗೆ ಕೊಟ್ಟಿತು. ಚೀನಾದ್ದು ಎಂದಾಕ್ಷಣ ಮೂಗು ಮುರಿಯುವವರು ಇದನ್ನು ನೆನಪಿಡಲಿ. ನನ್ನ ತಕರಾರು ದೇಶದ ಮೇಲಲ್ಲ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗುಣ ಬದಲಾಗುವ ಅಗ್ಗದ ಮಾಲಿನ ಮೇಲೆ. ಎರಡು ಬೇರೆ ಪೆಟ್ಟಿಗೆಯಿಂದ ಒಂದೊಂದು ಪ್ಲೇಟು ತೆಗೆದು ನಾಲ್ಕು ಮೂಲೆಗೂ ಮೈಕ್ರೋಮೀಟರ್ ಹಿಡಿಯಿರಿ. 0.15 ಮಿ.ಮೀ. ಎಂದು ಬರೆದದ್ದು ಎಲ್ಲ ಕಡೆಯೂ ಅಷ್ಟೇ ಇರಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ತರಿಯಲ್ಲಿ ಗೆರೆ ಗೆರೆ ಇದ್ದದ್ದು ಕಾಣುತ್ತದೆ.

ಡೆವಲಪರಿನ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡವನು. ಪ್ಲೇಟು ಒಳ್ಳೆಯ ಕಂಪನಿಯದೇ. ಕ್ಯಾನಿಗೆ ಇನ್ನೂರು–ಮುನ್ನೂರು ಉಳಿಯುತ್ತದೆಂದು ಡೆವಲಪರ್ ಮಾತ್ರ ಬೇರೆಯವರದು ತಂದೆ. ನವೆಂಬರ್ ತಿಂಗಳು, ಪಂಚಾಂಗದ ಕ್ಯಾಲೆಂಡರಿನ ಕೆಲಸ, ಆರು ಪಾಯಿಂಟಿನ ಅಕ್ಷರ. ಲಕ್ಷ ಇಂಪ್ರೆಷನ್ ತಾಳುವ ಪ್ಲೇಟು ಹದಿನೆಂಟು ಸಾವಿರಕ್ಕೇ ಸೋತಿತು. ಲೇಪವನ್ನು ಡೆವಲಪರ್ ಮೊದಲೇ ತಿಂದಿತ್ತು. ಲೂಪ್ ಇಟ್ಟು ನೋಡಿದರೆ 'ಧ' ಅಕ್ಷರದ ಕೆಳಗಿನ ಗೀಟು ಮಾಯ. ಧನುರ್ಮಾಸ ಹೋಗಿ ದನುರ್ಮಾಸವಾಗಿತ್ತು. ಕ್ಯಾಲೆಂಡರ್ ಮಾಡಿಸಿದ ಕಿರಾಣಿ ಅಂಗಡಿಯವರು, "ನಾವು ಹಿಂಡಿ ಮಾರೋದು ಹೌದು, ಅದಕ್ಕೆ ದನಕ್ಕೇ ಒಂದು ತಿಂಗಳು ಕೊಟ್ಟುಬಿಟ್ರಾ?" ಎಂದರು. ಅಷ್ಟೂ ಹಾಳೆ ರದ್ದಿಗೆ ಹೋಯಿತು.

ಅಂದಿನಿಂದ ಯಾವ ಪ್ಲೇಟು ಬಂದರೂ ನನ್ನ ಪರೀಕ್ಷೆ ಒಂದೇ. ಕಂಪನಿಯವರ ಚೆಂದದ ಟೆಸ್ಟ್ ಪೇಜು ಬೇಡ. ದ–ಧ, ಡ–ಢ, ಪ–ಫ ತುಂಬಿದ ಆರು ಪಾಯಿಂಟಿನ ಪುಟ, ಪಕ್ಕದಲ್ಲಿ ಶೇ 2ರ ಚುಕ್ಕೆಯ ಪಟ್ಟಿ. ಪ್ಲೇಟು ಹೊಡೆದ ಕೂಡಲೇ ಒಮ್ಮೆ, ಹತ್ತು ಸಾವಿರ ಓಡಿದ ಮೇಲೆ ಒಮ್ಮೆ ಲೂಪಿನಲ್ಲಿ ನೋಡುತ್ತೇನೆ.

ದರದ ಲೆಕ್ಕವನ್ನು ಪ್ಲೇಟಿಗೆ ಇಷ್ಟು ಎಂದು ಮಾಡಬೇಡಿ. ಜಿಟಿಓ ಯಂತ್ರದ 510×400 ಮಿ.ಮೀ. ಪ್ಲೇಟು ಐದು ಸೇರಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್. ಆ ಒಂದು ಮೀಟರಿಗೆ ಡೆವಲಪರ್, ರೆಪ್ಲೆನಿಷರ್, ಗಮ್ ಎಲ್ಲ ಸೇರಿ ಎಷ್ಟು ಬೀಳುತ್ತದೆಂದು ಮೂವರಿಂದಲೂ ಬರೆಸಿಕೊಳ್ಳಿ. ಅಗ್ಗದ್ದು ಎಷ್ಟೋ ಸಲ ಅಲ್ಲೇ ತುಟ್ಟಿಯಾಗುತ್ತದೆ.

ರಾಣೆಬೆನ್ನೂರಿನವರದು ಥರ್ಮಲ್ ಯಂತ್ರ, ದಿನಕ್ಕೆ ಹತ್ತು ಹನ್ನೆರಡು ಪ್ಲೇಟಿನ ಕೆಲಸ. ಇಷ್ಟು ಕಡಿಮೆ ಕೆಲಸಕ್ಕೆ ಪ್ರೊಸೆಸರಿನ ತೊಟ್ಟಿಯಲ್ಲಿ ಡೆವಲಪರ್ ತುಂಬಿಟ್ಟರೆ ಅದು ಬಳಸದೆಯೇ ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕೆ ಅವರಿಗೆ ಕೊಡಾಕ್‌ನ ಸೊನೋರಾ ತರಹದ, ಡೆವಲಪರೇ ಬೇಡದ ಪ್ಲೇಟು ಹೇಳಿದೆ. ಲೇಸರ್ ಹೊಡೆದು ನೇರ ಮಷಿನ್ನಿಗೆ ಕಟ್ಟುವುದು. ಬೇಡದ ಲೇಪ ಮೊದಲ ಕೆಲವು ಹಾಳೆಗಳಲ್ಲೇ ಎದ್ದು ಹೋಗುತ್ತದೆ. ಅದರ ಮೇಲಿನ ಚಿತ್ರ ಮಸುಕು, ವಯಸ್ಸಾದ ಮಷಿನ್‌ಮನ್‌ಗೆ ರಿಜಿಸ್ಟರ್ ಗುರುತು ಹುಡುಕುವುದು ಕಷ್ಟ, ದರವೂ ಜಾಸ್ತಿ. ಆದರೂ ಅವರ ಮಟ್ಟಿಗೆ ಅದೇ ಸರಿ. ದಿನಕ್ಕೆ ಐವತ್ತು ಪ್ಲೇಟು ದಾಟುವ ಪ್ರೆಸ್ಸಾಗಿದ್ದರೆ, ತೊಂದರೆಯಾದ ದಿನ ಸಂಜೆಯೊಳಗೆ ಮೆಕ್ಯಾನಿಕ್ ಕಳಿಸುವ ಡೀಲರಿನ ಪ್ಲೇಟನ್ನೇ, ಅದೇ ಕಂಪನಿಯ ಡೆವಲಪರಿನ ಜೊತೆ ತಗೊಳ್ಳಿ ಎನ್ನುತ್ತಿದ್ದೆ.

ಯಾವುದನ್ನೇ ತಂದರೂ ಫೌಂಟನ್ನಿಗೆ ನೀರು ಬೇಕೇ ಬೇಕು. ಮೊದಲು ಒಂದು ಆರ್‌ಓ ಹಾಕಿಸಿ, ಆರ್‌ಓ ನೀರಿಗೆಂದೇ ಬರುವ ಫೌಂಟನ್ ಸೊಲ್ಯೂಷನ್ ಕೇಳಿ ತನ್ನಿ. ಪ್ಲೇಟಿನ ಪೆಟ್ಟಿಗೆ ಅಲ್ಲಿಯವರೆಗೆ ಬಿಸಿಲು ಬೀಳದ ಮೂಲೆಯಲ್ಲಿರಲಿ.