ಸರಿದಾಡುವ ದಂಡೆಯನ್ನು ನೋಡುವ ಬಗೆ

ಕೂಡ್ಲಿಗಿ, ಕೊಟ್ಟೂರು ಕಡೆಯ ಮಂದಿಗೆ ರಜೆ ಬಂತೆಂದರೆ ಗೋಕರ್ಣ, ಮುರುಡೇಶ್ವರವೇ ಆಗಬೇಕು. ದುಡ್ಡಿದ್ದವರು ಅಂಡಮಾನಿಗೂ ಹಾರುತ್ತಾರೆ. ಹೋಗಿಬರಲಿ, ಬೇಡವೆನ್ನುವವರು ಯಾರು? ಆದರೆ ಹಡಗಲಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ಮಗ್ಗುಲಿಗೇ ತುಂಗಭದ್ರೆಯ ದಂಡೆಯಿದೆ. ಅದನ್ನು ನೋಡಲು ಒಂದಿಷ್ಟು ತಯಾರಿ ಬೇಕು, ಅಷ್ಟೆ.

ಮೊದಲು ನೀರಿನ ಮಟ್ಟ ತಿಳಿದುಕೊಳ್ಳಿ. ಕಡಲು ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತದೆ. ಇಲ್ಲಿ ಒಂದು ಉಬ್ಬರವಿಳಿತಕ್ಕೆ ಒಂದು ವರ್ಷ ಹಿಡಿಯುತ್ತದೆ. ತುಂಗಭದ್ರಾ ಜಲಾಶಯದ ಮಟ್ಟ ಪತ್ರಿಕೆಯಲ್ಲಿ ದಿನವೂ ಬರುತ್ತದೆ. 1,633 ಅಡಿ ಎಂದಿದ್ದರೆ ಹಿನ್ನೀರು ಭರ್ತಿ, ಸುಮಾರು 378 ಚದರ ಕಿಲೋಮೀಟರ್ ನೀರೇ ನೀರು. ಆಗ ಹೋದರೆ ಅಲೆ ಕಾಣುತ್ತದೆ, ಗಾಳಿ ಸಿಗುತ್ತದೆ, ದಿಬ್ಬಗಳೆಲ್ಲ ನಡುಗಡ್ಡೆಯಾಗಿರುತ್ತವೆ. ಸುಮ್ಮನೆ ಕಣ್ತುಂಬಿಕೊಂಡು ಬರುವವರಿಗೆ ಅದೇ ಚೆಂದ. ನನ್ನ ಕೇಳಿದರೆ ನೀರು ಇಳಿಯತೊಡಗಿದ ಮೇಲೆ, ಚಳಿಗಾಲದ ಕೊನೆಗೆ ಹೋಗಿ ಎನ್ನುತ್ತೇನೆ.

ಇಳಿದ ದಂಡೆಯಲ್ಲಿ ಓದುವುದಕ್ಕೆ ಬಹಳ ಇದೆ. ನೀರಿಗೆ ಹತ್ತಿರದ್ದು ಮಿರುಗುವ ಕಪ್ಪು ಹೂಳು. ಅಲ್ಲಿ ಉದ್ದ ಕಾಲಿನ ಹಕ್ಕಿಗಳು ಕೊಕ್ಕಿನಿಂದ ಕೆದಕುತ್ತಿರುತ್ತವೆ. ಅದರ ಹಿಂದೆ ಎಳೆ ಹುಲ್ಲು, ಹುಲ್ಲಿಗೆ ಬಂದ ಕುರಿ ಹಿಂಡು. ಇನ್ನೂ ಮೇಲೆ ಬಂದರೆ ಬಿರುಕು ಬಿಟ್ಟ ಒಣ ನೆಲ. ಬಂಡೆಗಳ ಮೇಲಿನ ಬಿಳಿ ಗೆರೆ ನೋಡಿದರೆ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಗೊತ್ತಾಗುತ್ತದೆ. ಈ ಹೂಳು ಕಮ್ಮಿಯದ್ದಲ್ಲ. 1953ರಲ್ಲಿ ನೀರು ನಿಲ್ಲಿಸಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ, ಈಗ 105ರ ಆಸುಪಾಸು. ಉಳಿದ ಜಾಗವನ್ನೆಲ್ಲ ತಿಂದದ್ದು ನಿಮ್ಮ ಕಾಲಡಿಯ ಈ ಮಣ್ಣೇ. ಸುಮಾರು 90 ಹಳ್ಳಿಗಳು ಈ ಜಲಾಶಯದೊಳಗೆ ಮುಳುಗಿವೆ. ಹಸಿ ಹೂಳಿನ ಮೇಲೆ ಮಾತ್ರ ನಡೆಯಬೇಡಿ, ಮೊಣಕಾಲವರೆಗೂ ಎಳೆದುಕೊಳ್ಳುತ್ತದೆ. (ಅಣೆಕಟ್ಟಿನ ಕೆಳಗಿನ ಉದ್ಯಾನದಲ್ಲಿ ಕಾರಂಜಿ ನೋಡಿ ಬಂದು ‘ತುಂಗಭದ್ರೆ ನೋಡಿದ್ವಿ’ ಎನ್ನುವವರ ಜೊತೆ ವಾದಕ್ಕೆ ಇಳಿಯಬೇಡಿ.)

ಒಂದು ದಿನದ ಸುತ್ತಾಟಕ್ಕೆ ಹೀಗೆ ಹೊರಡಿ. ಬೆಳಗಿನ ಓರೆ ಬಿಸಿಲಿಗೆ ಹಡಗಲಿ ತಾಲ್ಲೂಕಿನ ಕುರುವತ್ತಿ ತಲುಪಬೇಕು. ಹೊಳೆ ದಂಡೆಯ ಮಲ್ಲಿಕಾರ್ಜುನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಎದುರಿಗಿರುವ ಭಾರಿ ಬಸವಣ್ಣನಿಗೇ ಭಕ್ತರು ಹೆಚ್ಚು. ಬಾಗಿಲ ಕಂಬಗಳಿಗೆ ಆತುಕೊಂಡ ಮದನಿಕೆಯರನ್ನು ಮೊದಲು ದೂರದಿಂದ ನೋಡಿ, ಮೈಯ ಬಾಗು ತಿಳಿಯುತ್ತದೆ. ಆಮೇಲೆ ಹತ್ತಿರ ಹೋಗಿ ಒಡವೆ, ಬಳ್ಳಿಯ ಸುರುಳಿ ನೋಡಿ. ಬೇಲೂರಿನ ಮದನಿಕೆಯರಿಗಿಂತ ಇವರು ಹಿರಿಯರು. ಬೇಲೂರನ್ನು ಮೊದಲು ನೋಡಿದವರು ಇದು ಅದರ ನಕಲೆಂದುಕೊಳ್ಳುವುದುಂಟು, ಲೆಕ್ಕ ತಿರುಗುಮುರುಗು.

ಗುಡಿಯಿಂದ ಹೊಳೆಗೆ ಇಳಿಯದೆ ಹೋಗಬೇಡಿ. 1068ರಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ಪ್ರಾಣ ಬಿಟ್ಟದ್ದು ಇಲ್ಲಿಯ ನೀರಿನಲ್ಲೇ. ಜ್ವರ ಯಾವ ಮದ್ದಿಗೂ ಬಗ್ಗದಿದ್ದಾಗ ತಾನೇ ತುಂಗಭದ್ರೆಗೆ ಇಳಿದನೆಂದು ಕಾಶ್ಮೀರದ ಕವಿ ಬಿಲ್ಹಣ ಬರೆದಿದ್ದಾನೆ. ಸಮಯವಿದ್ದರೆ ಮೈಲಾರ, ಮಾಗಳದ ಗುಡಿಗಳನ್ನೂ ಮುಗಿಸಿಕೊಳ್ಳಿ. ಹಡಗಲಿಯಲ್ಲಿ ಮಲ್ಲಿಗೆ ಕೊಳ್ಳಿ. ಮಧ್ಯಾಹ್ನಕ್ಕೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ; ಅದರ ರಸಿಕತೆಯನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ.

ಸಂಜೆಯನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಇಟ್ಟುಕೊಳ್ಳಿ. 244 ಎಕರೆಯ ಹಳೇ ನೀರಾವರಿ ಕೆರೆ ಇದು. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಯೊಳಗೆ ಜಾಲಿಗಿಡಗಳು ನಿಂತಿವೆ. ನೀರು ತುಂಬಿದಾಗ ಒಂದೊಂದು ಗಿಡವೂ ಒಂದೊಂದು ನಡುಗಡ್ಡೆ. ನೆಲದ ಮೇಲಿನ ನಾಯಿ, ನರಿ ಗೂಡಿನ ಹತ್ತಿರ ಸುಳಿಯಲಾರವು. ಹಕ್ಕಿಗಳು ಇಲ್ಲಿಗೆ ಬರುವ ಗುಟ್ಟು ಇದೇ.

ಬಂದ ಕೂಡಲೇ ‘ಅಬ್ಬಾ, ಎಷ್ಟು ಹಕ್ಕಿ!’ ಎಂದು ಫೋಟೊ ಹೊಡೆದು ತಿರುಗಿಬಿಡಬೇಡಿ. ಯಾವುದಾದರೂ ಬಣ್ಣದ ಕೊಕ್ಕರೆಯೊಂದರ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ಕೂರಿ. ಅದು ಮೀನನ್ನು ನೋಡಿ ಹಿಡಿಯುವುದಿಲ್ಲ. ಅರೆ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತ, ಕಾಲಿನಿಂದ ತಳ ಕಲಕುತ್ತ ನಡೆಯುತ್ತದೆ. ಕೊಕ್ಕಿಗೆ ಏನಾದರೂ ತಾಗಿತೋ, ತಟ್ಟನೆ ಮುಚ್ಚುತ್ತದೆ. ಹಾಗಾಗಿ ಕದಡಿದ ನೀರೂ ಅದಕ್ಕೆ ಅಡ್ಡಿಯಲ್ಲ. ಬಾಲದ ಬಳಿ ಗುಲಾಬಿ ಗರಿಯಿದ್ದರೆ ಬೆಳೆದ ಹಕ್ಕಿ, ಮಾಸಲು ಬಣ್ಣವಿದ್ದರೆ ಮರಿ. ಗದ್ದಲವೆಲ್ಲ ಮರಿಗಳದು, ದೊಡ್ಡವಕ್ಕೆ ದನಿ ಇಲ್ಲದಂತೆಯೇ, ಕೊಕ್ಕು ಕಟಕಟಾಯಿಸುತ್ತವೆ ಅಷ್ಟೆ. ಬಾಯ್ಕಳಕ ಕೊಕ್ಕರೆಯನ್ನು ಗುರುತಿಸಲು ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕು ಸಾಕು. ಅದು ಬಸವನ ಹುಳು ತಿನ್ನುವ ಗಿರಾಕಿ.

ಹೊತ್ತು ಮುಳುಗುವ ಮುಂಚೆ ಹಿನ್ನೀರಿಗೆ, ಗದ್ದೆಗೆ ಹೋದ ಹಕ್ಕಿಗಳು ತಂಡತಂಡವಾಗಿ ವಾಪಸು ಬರುತ್ತವೆ. ಏರಿಯ ಮೇಲೆ ಒಂದು ಕಡೆ ಕೂತು ಯಾವ ದಿಕ್ಕಿನಿಂದ ಯಾವ ಜಾತಿ ಬರುತ್ತದೆ, ಯಾವ ಗಿಡಕ್ಕೆ ಇಳಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಮರುವರ್ಷ ಬಂದಾಗ ಹೋಲಿಸಿ ನೋಡಲು ಆಗುತ್ತದೆ. ಹಾರ್ನ್ ಹೊಡೆಯುವುದು, ಗೂಡಿನ ಮೇಲೆ ಟಾರ್ಚ್ ಬಿಡುವುದು ಬೇಡ. ಹರಪನಹಳ್ಳಿ ಕಡೆಗೆ ಹೋಗುವವರಿಗೆ ಇನ್ನೊಂದು ದಿನ ರಜೆಯಿದ್ದರೆ ಬಾಗಳಿಯ ಕಲ್ಲೇಶ್ವರ ಗುಡಿ, ಪಕ್ಕದ ಕೆರೆ ಇದ್ದೇ ಇವೆ.