ಖಜಾನೆಯ ಪ್ರಭುಗಳ ಅಪ್ಪಣೆ: ಐರ್ಲೆಂಡಿನ ಆಡಳಿತಪತ್ರಗಳ ಒಂದು ವಿಮರ್ಶೆ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಡನ್ನಿನ ರಾಜಖಜಾನೆಗೂ ಡಬ್ಲಿನ್ನಿನ ಆಡಳಿತಕ್ಕೂ ನಡುವೆ ನಡೆದ ಪತ್ರವ್ಯವಹಾರವು ಐರ್ಲೆಂಡಿನ ಚರಿತ್ರೆಯ ಪ್ರಧಾನ ಆಕರಗಳಲ್ಲೊಂದು. ಆ ಕಾಲವನ್ನು ಕುರಿತು ಬರೆದ ವಿದ್ವಾಂಸರು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ಆದರೆ ಅದರಿಂದ ಸಂಗತಿಗಳನ್ನು ಹೆಕ್ಕಿಕೊಂಡವರು ಹೆಚ್ಚು. ಅದೂ ಒಂದು ಬಗೆಯ ಬರವಣಿಗೆ, ಅದಕ್ಕೂ ಒಂದು ಸಂಪ್ರದಾಯವುಂಟು, ಒಂದು ಕಂಠವುಂಟು, ಆ ಕಂಠದ ಒಡೆಯನಾರೆಂಬುದನ್ನು ವಿಚಾರಿಸಬೇಕು ಎಂದು ನಿಂತು ನೋಡಿದವರು ಕಡಮೆಯೆಂದು ನಮ್ಮ ಭಾವನೆ. ಇದು ಬರಿಯ ಪಾಂಡಿತ್ಯದ ಕುತೂಹಲವಲ್ಲ. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸತ್ತ ಒಂದು ಕ್ಷಾಮದಲ್ಲಿ 'ಆಗದು' ಎಂದವರು ಯಾರು ಎಂಬ ಪ್ರಶ್ನೆ ಈ ಪತ್ರಗಳ ವ್ಯಾಕರಣದಲ್ಲಿ ಸಿಕ್ಕಿಕೊಂಡಿದೆ.

ಮೊದಲು ಹಿನ್ನೆಲೆಯನ್ನು ಹೇಳಬೇಕು. ೧೮೦೦ರ ಏಕೀಕರಣ ಶಾಸನವು ೧೮೦೧ರ ಜನವರಿ ೧ರಂದು ಜಾರಿಗೆ ಬಂದಿತು. ಡಬ್ಲಿನ್ನಿನ ಪಾರ್ಲಿಮೆಂಟು ಅಲ್ಲಿಗೆ ಮುಗಿಯಿತು. ಆದರೆ ಬೊಕ್ಕಸಗಳು ಕೂಡಲೆ ಒಂದಾಗಲಿಲ್ಲ. ಶಾಸನದ ಏಳನೆಯ ವಿಧಿಯ ಪ್ರಕಾರ ಸಂಯುಕ್ತ ರಾಜ್ಯದ ವೆಚ್ಚದಲ್ಲಿ ಬ್ರಿಟನ್ನಿನದು ೧೫ ಪಾಲು, ಐರ್ಲೆಂಡಿನದು ೨ ಪಾಲು. ಕಾಗದದ ಮೇಲೆ ಇದು ಹಗುರವಾಗಿ ಕಾಣುವ ಹೊರೆ. ನೆಪೋಲಿಯನ್ನನೊಡನೆ ನಡೆದ ದೀರ್ಘಯುದ್ಧದಲ್ಲಿ ಅದು ಹೊರಲಾರದ್ದಾಯಿತು. ತನ್ನ ಪಾಲನ್ನು ಸಲ್ಲಿಸುವುದಕ್ಕಾಗಿ ಐರ್ಲೆಂಡು ಸಾಲದ ಮೇಲೆ ಸಾಲವೆತ್ತಿತು. ಏಕೀಕರಣದ ವರ್ಷದಲ್ಲಿ ಸುಮಾರು ೨ ಕೋಟಿ ೮೦ ಲಕ್ಷ ಪೌಂಡಿದ್ದ ಅದರ ಸಾಲ ೧೮೧೭ರ ವೇಳೆಗೆ ೧೧ ಕೋಟಿಯನ್ನು ಮೀರಿತ್ತು. ೧೮೧೬ರ ಶಾಸನದಿಂದ ಎರಡು ಬೊಕ್ಕಸಗಳನ್ನೂ ಕೂಡಿಸಲಾಯಿತು. ೧೮೧೭ರ ಜನವರಿ ೫ರಿಂದ ಆ ಏರ್ಪಾಡು ನಡೆಗೆ ಬಂದಿತು. ಐರ್ಲೆಂಡಿಗೆ ಪ್ರತ್ಯೇಕವಾಗಿದ್ದ ಅರ್ಥಮಂತ್ರಿಯ ಪದವಿ ರದ್ದಾಯಿತು. ಸುಂಕದ ಮತ್ತು ಅಬಕಾರಿಯ ಮಂಡಲಿಗಳು ೧೮೨೩ರಲ್ಲಿ, ಅಂಚೆ ೧೮೩೧ರಲ್ಲಿ ಲಂಡನ್ನಿನೊಳಗೆ ಸೇರಿಹೋದುವು. (ಎರಡು ದೇಶಗಳ ಈ ಹಣಕಾಸಿನ ಸಂಬಂಧ ನ್ಯಾಯವಾಗಿತ್ತೆ ಎಂಬ ತಕರಾರು ಶತಮಾನದ ಕೊನೆಯವರೆಗೂ ಆರಲಿಲ್ಲ. ಐರ್ಲೆಂಡು ಶಕ್ತಿ ಮೀರಿ ವರ್ಷಕ್ಕೆ ಸುಮಾರು ೨೭ ಲಕ್ಷ ೫೦ ಸಾವಿರ ಪೌಂಡು ಹೆಚ್ಚು ತೆರಿಗೆ ತೆರುತ್ತಿದೆಯೆಂದು ಸರ್ಕಾರವೇ ನೇಮಿಸಿದ ಆಯೋಗವೊಂದು ೧೮೯೬ರಲ್ಲಿ ವರದಿ ಮಾಡಿತು.)

ಬೊಕ್ಕಸವು ಹೀಗೆ ಸಮುದ್ರವನ್ನು ದಾಟಿಹೋದರೂ ಸಿಂಹಾಸನದ ನೆರಳು ಡಬ್ಲಿನ್ನಿನಲ್ಲಿಯೇ ಉಳಿಯಿತು. ಅಲ್ಲಿನ ಕೋಟೆಯಲ್ಲಿ ರಾಜಪ್ರತಿನಿಧಿಯಿದ್ದನು. ಅವನ ಮುಖ್ಯ ಕಾರ್ಯದರ್ಶಿಯಿದ್ದನು. ಉಪಕಾರ್ಯದರ್ಶಿ ಮತ್ತು ಗುಮಾಸ್ತರಿದ್ದರು. ದೊರೆಯ ಪ್ರತಿರೂಪವೆಂದು ಓಲಗವನ್ನು ಕೊಡುವ ಪುರುಷನು ಹೊಸದೊಂದು ಹುದ್ದೆಗೂ ಒಬ್ಬ ನೌಕರನ ಸಂಬಳದ ಏರಿಕೆಗೂ ಲಂಡನ್ನಿನ ಸಮ್ಮತಿಯನ್ನು ಬೇಡಬೇಕಾಯಿತು. ನಮ್ಮ ಹಳೆಯ ಸಂಸ್ಥಾನಗಳ ದಫ್ತರದಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುವುದು ಬಿನ್ನವತ್ತಳೆ, ಮೇಲಿನಿಂದ ಕೆಳಕ್ಕೆ ಬರುವುದು ನಿರೂಪ. ಓಲೆಯ ಮೊದಲ ಸಾಲಿನಲ್ಲಿಯೇ ಯಾರು ಯಾರಿಗೆ ಬರೆದರೆಂಬುದು ತಿಳಿದುಬರುತ್ತದೆ. ಐರ್ಲೆಂಡಿನ ಪತ್ರಗಳಲ್ಲಿ ಈ ಎರಡೂ ಬೆರೆತುಹೋಗಿವೆ. ಕೋಟೆಯ ಪತ್ರ ನಿರೂಪದ ಉಡುಪು ತೊಟ್ಟ ಬಿನ್ನವತ್ತಳೆ. 'ರಾಜಪ್ರತಿನಿಧಿಯ ಆಜ್ಞೆಯ ಮೇರೆಗೆ' ಎಂದು ಮೊದಲಾಗಿ ಕೇಳಿಕೆಯಲ್ಲಿ ಮುಗಿಯುತ್ತದೆ. ಖಜಾನೆಯ ಉತ್ತರವಾದರೋ ವಿನಯದ ಉಡುಪು ತೊಟ್ಟ ನಿರೂಪ.

ಆ ಉತ್ತರದ ಕಟ್ಟಡವನ್ನು ಸ್ವಲ್ಪ ಬಿಚ್ಚಿ ನೋಡೋಣ. ತಮ್ಮ ಇಂಥ ತಾರೀಖಿನ ಪತ್ರವನ್ನು ಖಜಾನೆಯ ಪ್ರಭುಗಳ ಮುಂದೆ ಇರಿಸಲಾಯಿತು. ಅವರ ಅಪ್ಪಣೆಯಂತೆ ತಿಳಿಸುವುದೇನೆಂದರೆ ಎಂದು ಅದು ಹೊರಡುತ್ತದೆ. ಸಹಿ ಕಾರ್ಯದರ್ಶಿಯದು, ಮಾತು ಪ್ರಭುಗಳದು. ಈ ಪ್ರಭುಗಳು ಯಾರು? ಶಾಸನದ ಪ್ರಕಾರ ಖಜಾನೆಯನ್ನು ನಡೆಸುವ ಆಯುಕ್ತರ ಮಂಡಲಿ: ಪ್ರಧಾನಿ ಮೊದಲನೆಯವನು, ಅರ್ಥಮಂತ್ರಿ ಎರಡನೆಯವನು, ಉಳಿದವರು ಕಿರಿಯ ಸದಸ್ಯರು. ಆದರೆ ನಾವು ಹೇಳುತ್ತಿರುವ ಕಾಲಕ್ಕೆ ಈ ಮಂಡಲಿಯ ಸಭೆ ಬಹುಮಟ್ಟಿಗೆ ವಿಧಿಯಾಗಿ ಉಳಿದಿತ್ತು. ೧೮೦೫ರಲ್ಲಿ ಖಾಯಂ ಸಹಾಯಕ ಕಾರ್ಯದರ್ಶಿಯ ಹುದ್ದೆ ಹುಟ್ಟಿತು. ಜಾರ್ಜ್ ಹ್ಯಾರಿಸನ್ ೧೮೨೬ರವರೆಗೆ ಅದರಲ್ಲಿದ್ದನು. ಮಂತ್ರಿಗಳು ಬಂದರು, ಹೋದರು. ಆ ಕುರ್ಚಿಯಲ್ಲಿ ಕುಳಿತವನು ಕಾಗದಗಳ ನೆನಪಾಗಿ ಉಳಿದನು. ನಿರ್ಧಾರವು ಕೆಲವೊಮ್ಮೆ ಪ್ರಧಾನಿಯದು, ಕೆಲವೊಮ್ಮೆ ಅರ್ಥಮಂತ್ರಿಯದು, ಎಷ್ಟೋ ವೇಳೆ ಪೂರ್ವನಿದರ್ಶನವನ್ನು ಹುಡುಕಿ ಕರಡನ್ನು ಬರೆದ ಅಧಿಕಾರಿಯದು. ಹೊರಟ ಪತ್ರದಲ್ಲಿ ಮಾತ್ರ ಇವರಾರೂ ಇಲ್ಲ. ಪ್ರಭುಗಳಿದ್ದಾರೆ, ಅವರು ಖೇದಪಡುತ್ತಾರೆ, ಅವರಿಗೆ ಸಕಾರಣ ಕಾಣುವುದಿಲ್ಲ. ಈ ಲೇಖನದಲ್ಲಿ ನಾವೂ 'ನಾವು' ಎಂದೇ ಬರೆಯುತ್ತಿದ್ದೇವೆಂದು ಓದುಗರು ಮುಗುಳ್ನಗಬಹುದು. ಬೋಧಕನ ಬಹುವಚನ ಯಾರ ಅನ್ನವನ್ನೂ ತಡೆಯುವುದಿಲ್ಲವೆಂಬುದಷ್ಟೇ ನಮ್ಮ ಸಮಾಧಾನ.

ಸಂದರ್ಭ ಬಂದುದರಿಂದ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ೧೮೨೬ಕ್ಕೆ ಹಿಂದಿನ ಪತ್ರಗಳಲ್ಲಿ ಬರುವ ಮೊಬಲಗು ಯಾವ ಪೌಂಡಿನದೆಂದು ನೋಡದೆ ಲೆಕ್ಕ ಹಾಕಬಾರದು. ಇಂಗ್ಲೆಂಡಿನ ೧೨ ಪೆನ್ನಿಗೆ ಐರ್ಲೆಂಡಿನ ೧೩ ಪೆನ್ನಿ ಸಮ. ಅಂದರೆ ಅಲ್ಲಿನ ೧೦೦ ಪೌಂಡು ಇಲ್ಲಿ ೧೦೮ ಪೌಂಡು ೬ ಶಿಲಿಂಗು ೮ ಪೆನ್ನಿ. ಬೊಕ್ಕಸಗಳು ಕೂಡಿದ ಮೇಲೂ ಒಂಬತ್ತು ವರ್ಷ ಈ ಎರಡು ಲೆಕ್ಕ ನಡೆಯಿತು.

ಬೊಕ್ಕಸಗಳು ಕೂಡಿದ ವರ್ಷವೇ ಪರೀಕ್ಷೆಯ ವರ್ಷವೂ ಆಯಿತು. ೧೮೧೬ರಲ್ಲಿ ಬೆಳೆ ಕೆಟ್ಟು, ೧೮೧೭ರಲ್ಲಿ ಕ್ಷಾಮವೂ ಅದರೊಡನೆ ಸನ್ನಿಪಾತ ಜ್ವರವೂ ಐರ್ಲೆಂಡನ್ನು ಹಿಡಿದುವು. ಆ ವರ್ಷದ ಬಡವರ ಉದ್ಯೋಗ ಶಾಸನದಲ್ಲಿ ಬ್ರಿಟನ್ನಿಗೆ ೧೫ ಲಕ್ಷ ಪೌಂಡು, ಐರ್ಲೆಂಡಿಗೆ ೨ ಲಕ್ಷ ೫೦ ಸಾವಿರ ಪೌಂಡು ಒದಗಿಸಿದರು. ಮೊತ್ತಕ್ಕಿಂತ ಅದರ ರೂಪವನ್ನು ಗಮನಿಸಬೇಕು. ಅದು ದಾನವಲ್ಲ, ಜಾಮೀನಿನ ಮೇಲೆ ಕೊಟ್ಟ ಸಾಲ. ಪರಿಹಾರವು ಸಾಲವಾದೊಡನೆ ಅದರ ಕಾಗದಗಳ ಸ್ವಭಾವವೂ ಬದಲಾಗುತ್ತದೆ: ಹಸಿವನ್ನು ಕುರಿತು ಒಂದು ಪತ್ರ ಬಂದರೆ ಕಂತನ್ನು ಕುರಿತು ಹತ್ತು ಪತ್ರಗಳು ಹೋಗುತ್ತವೆ. ಕ್ಷಾಮ ಒಂದೆರಡು ವರ್ಷಕ್ಕೆ ಮುಗಿದೀತು, ವಸೂಲಿಯ ಕಡತ ಮುಗಿಯುವುದಿಲ್ಲ. ಕಡತದ ಗಾತ್ರವನ್ನೇ ನೋಡಿ ಖಜಾನೆಗೆ ಐರ್ಲೆಂಡಿನ ಬಗ್ಗೆ ಬಹಳ ಕಾಳಜಿಯಿತ್ತೆಂದಾಗಲಿ, ಕೇವಲ ಜಿಪುಣತನವಿತ್ತೆಂದಾಗಲಿ ತೀರ್ಮಾನಿಸುವವರು ಇದನ್ನು ಮರೆಯಬಾರದು.

ಅಧಿಕೃತ ಪತ್ರ ಎಷ್ಟನ್ನು ಬಿಟ್ಟುಬಿಡುತ್ತದೆಂಬುದನ್ನು ತಿಳಿಯಲು ಖಾಸಗಿ ಪತ್ರಗಳನ್ನು ಅದರ ಪಕ್ಕದಲ್ಲಿಡಬೇಕು. ೧೮೧೨ರಿಂದ ೧೮೧೮ರವರೆಗೆ ಮುಖ್ಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಪೀಲನು ಪಾರ್ಲಿಮೆಂಟು ಸೇರಿದಾಗ ಲಂಡನ್ನಿನಲ್ಲಿರುತ್ತಿದ್ದನು. ಉಪಕಾರ್ಯದರ್ಶಿ ವಿಲಿಯಮ್ ಗ್ರೆಗರಿ ಡಬ್ಲಿನ್ನಿನಲ್ಲಿ ಕಚೇರಿಯನ್ನು ನೋಡಿಕೊಳ್ಳುತ್ತಿದ್ದನು. ಇವರಿಬ್ಬರ ನಡುವಿನ ಕಾಗದಗಳಲ್ಲಿ ಮನುಷ್ಯರು ಮಾತಾಡುತ್ತಾರೆ. ಯಾರಿಗೆ ಹುದ್ದೆ, ಯಾರ ಶಿಫಾರಸು, ಯಾವ ಸುದ್ದಿ ಉತ್ಪ್ರೇಕ್ಷೆ ಎಂಬುದೆಲ್ಲ ಅಲ್ಲಿ ಬಿಚ್ಚುಮಾತಿನಲ್ಲಿದೆ. ಪೀಲನ ಪತ್ರಗಳ ಆಯ್ಕೆಯನ್ನು ಪಾರ್ಕರನು ೧೮೯೧ರಿಂದ ೧೮೯೯ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದನು. ಗ್ರೆಗರಿಯ ಕಾಗದಗಳನ್ನು ೧೮೯೮ರಲ್ಲಿ 'ಮಿಸ್ಟರ್ ಗ್ರೆಗರೀಸ್ ಲೆಟರ್ ಬಾಕ್ಸ್' ಎಂಬ ಹೆಸರಿನಲ್ಲಿ ಸಂಪಾದಿಸಿದವರು ಲೇಡಿ ಗ್ರೆಗರಿ; ಯೇಟ್ಸ್ ಕವಿಯ ಸ್ನೇಹಿತೆಯೆಂದೂ ನಾಟಕಕರ್ತೃವೆಂದೂ ನಮ್ಮ ಇಂಗ್ಲಿಷ್ ವಿಭಾಗದವರು ಬಲ್ಲ ಅದೇ ಲೇಡಿ ಗ್ರೆಗರಿ. ಅವರ ಪತಿ ಈ ಉಪಕಾರ್ಯದರ್ಶಿಯ ಮೊಮ್ಮಗ. ಖಜಾನೆಯ ಪತ್ರವನ್ನು ಮಾತ್ರ ಓದಿದವನು ನಾಟಕದಲ್ಲಿ ರಾಜನ ಮಾತನ್ನು ಕೇಳಿ, ಪರದೆಯ ಹಿಂದೆ ಮಾತನ್ನು ಹೇಳಿಕೊಡುವವನನ್ನು ಕಾಣದವನಂತೆ.

ಇಲ್ಲಿ ಆಕರಗಳ ಉಳಿವನ್ನು ಕುರಿತು ಒಂದು ಮಾತು ಅವಶ್ಯಕ. ಖಜಾನೆಯಿಂದ ಐರ್ಲೆಂಡಿಗೆ ಹೊರಹೋದ ಪತ್ರಗಳ ನಕಲು ಪುಸ್ತಕಗಳು ಹದಿನೇಳನೆಯ ಶತಮಾನದಿಂದ ಮೊದಲ್ಗೊಂಡು ಲಂಡನ್ನಿನ ಬಳಿ ಕ್ಯೂನಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿ ಸುರಕ್ಷಿತವಾಗಿವೆ. ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ಸಾರ್ವಜನಿಕ ದಫ್ತರ ೧೯೨೨ರ ಜೂನ್ ೩೦ರಂದು ಅಂತರ್ಯುದ್ಧದಲ್ಲಿ ಸುಟ್ಟು ಬೂದಿಯಾಯಿತು. ಹೀಗಾಗಿ ಕೊಡುವವನ ಪುಸ್ತಕ ಉಳಿದು, ಕೇಳಿದವನ ಪುಸ್ತಕದಲ್ಲಿ ಬಹುಭಾಗ ಅಳಿದಿದೆ. ಭಾಗ್ಯವಶಾತ್ ಕೋಟೆಯ ಆವರಣದಲ್ಲಿಯೇ ಇದ್ದ ಮುಖ್ಯ ಕಾರ್ಯದರ್ಶಿಯ ಕಚೇರಿಯ ಕಾಗದಗಳು, ೧೮೧೮ರಿಂದೀಚಿನವು, ಬೆಂಕಿಗೆ ಸಿಕ್ಕಲಿಲ್ಲ. ೧೮೪೫ರಿಂದ ೧೮೪೭ರವರೆಗಿನ ಪರಿಹಾರ ಆಯೋಗದ ಕಾಗದಗಳೂ ಉಳಿದಿವೆ. ಸುಟ್ಟುಹೋದುದನ್ನು ಬೇರೆಡೆಯ ಪ್ರತಿಗಳಿಂದ ಪುನಃ ಕೂಡಿಸುವ ಐರಿಷ್ ವಿದ್ವಾಂಸರ ದೊಡ್ಡ ಯೋಜನೆಯೊಂದು ೨೦೨೨ರ ಜೂನ್ ತಿಂಗಳಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆವಕ-ಜಾವಕ ಪುಸ್ತಕಗಳನ್ನು ಬಲ್ಲ ನಮ್ಮ ಕಚೇರಿಯ ಯಾವ ಗುಮಾಸ್ತರನ್ನು ಕೇಳಿದರೂ ಹೇಳಿಯಾರು: ಜಾವಕವೊಂದನ್ನೇ ನೋಡಿ ಕಡತದ ಕಥೆ ತಿಳಿಯದು.

ಇನ್ನು ೧೮೪೫–೪೯ರ ಮಹಾಕ್ಷಾಮದ ಪತ್ರಗಳು. ಆಲೂಗಡ್ಡೆಗೆ ಅಂಗಮಾರಿ ತಗಲಿದ ಮೊದಲ ಚಳಿಗಾಲದಲ್ಲಿ ಆಗ ಪ್ರಧಾನಿಯಾಗಿದ್ದ ಪೀಲನು ೧ ಲಕ್ಷ ಪೌಂಡಿನ ಮುಸುಕಿನ ಜೋಳವನ್ನು ಬೇರಿಂಗ್ ಸಂಸ್ಥೆಯ ಮೂಲಕ ಅಮೆರಿಕದಿಂದ ತರಿಸಿದನು. ೧೮೪೬ರ ಬೇಸಿಗೆಯಲ್ಲಿ ರಸೆಲನ ಮಂತ್ರಿಮಂಡಲ ಬಂದಿತು. ಆಗಸ್ಟ್ ೩೧ರಂದು ಖಜಾನೆ ತನ್ನ ಪ್ರಸಿದ್ಧವಾದ ನಡವಳಿಯನ್ನು ಬರೆಯಿತು. ಕಾಮಗಾರಿಗಳ ವೆಚ್ಚವನ್ನೆಲ್ಲ ಆಯಾ ಪ್ರದೇಶದ ತೆರಿಗೆಯೇ ಕೊನೆಗೆ ಹೊರಬೇಕು. ಕೂಲಿ ಆ ಸೀಮೆಯ ವಾಡಿಕೆಗಿಂತ ದಿನಕ್ಕೆ ಎರಡು ಪೆನ್ನಿ ಕಡಮೆಯಿರಬೇಕು. ಹೀಗೆಂದವರು ಯಾರು? ಪ್ರಭುಗಳು. ಸಹಿ ಮಾಡುತ್ತಿದ್ದವನು ೧೮೪೦ರಿಂದ ಸಹಾಯಕ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಟ್ರೆವೆಲಿಯನ್. ೧೮೪೭ರ ಮಾರ್ಚ್ ತಿಂಗಳಲ್ಲಿ ಆ ಕಾಮಗಾರಿಗಳಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಜನ ದುಡಿಯುತ್ತಿದ್ದರು.

ಸಿಸಿಲ್ ವುಡ್‌ಹ್ಯಾಮ್ ಸ್ಮಿತ್ ಅವರ 'ದಿ ಗ್ರೇಟ್ ಹಂಗರ್' (೧೯೬೨) ಈ ಪತ್ರಗಳನ್ನು ಆಧರಿಸಿ ಬರೆದ ಪ್ರಬಲವಾದ ಗ್ರಂಥ. ಪ್ರಭುಗಳ ಮುಖವಾಡವನ್ನು ಕಿತ್ತು ಅದರ ಹಿಂದಿನ ಮುಖ ಟ್ರೆವೆಲಿಯನ್ನನದೆಂದು ಅವರು ತೋರಿಸಿದರು. ಓದುಗನ ಮನಸ್ಸಿನಲ್ಲಿ ಆ ಚಿತ್ರ ಅಳಿಯದಂತೆ ನಿಂತಿದೆ. ನಲವತ್ತೆರಡು ವರ್ಷಗಳ ಅನಂತರ ರಾಬಿನ್ ಹೇನ್ಸ್ ಅವರು ಅದೇ ಪತ್ರರಾಶಿಯನ್ನು ಮತ್ತೆ ಶೋಧಿಸಿ, ಅವನು ಮಂತ್ರಿಗಳ ನೀತಿಯನ್ನು ನಡೆಸಿದ ಅಧಿಕಾರಿಯೇ ಹೊರತು ಸರ್ವಾಧಿಕಾರಿಯಲ್ಲವೆಂದು ೨೦೦೪ರ ತಮ್ಮ ಗ್ರಂಥದಲ್ಲಿ ವಾದಿಸಿದರು. ನಮ್ಮ ದೃಷ್ಟಿಯಲ್ಲಿ ಮೊದಲಿನವರು ಸಹಿಯನ್ನು ಅತಿಯಾಗಿ ನಂಬಿದರು, ಎರಡನೆಯವರು ಒಕ್ಕಣೆಯನ್ನು ಅತಿಯಾಗಿ ನಂಬಿದರು. ಸಹಿ ಹಾಕಿದವನೇ ಎಲ್ಲವನ್ನೂ ನಿರ್ಧರಿಸಿದನೆಂಬುದಕ್ಕೆ ಆಧಾರ ಸಾಲದು. ಅಪ್ಪಣೆಯನ್ನು ತಲುಪಿಸಿದವನು ಬರಿಯ ದೂತನೆಂಬುದೂ ನಿಲ್ಲದು. ಏಕೆಂದರೆ ೧೮೪೮ರ ಜನವರಿಯಲ್ಲಿ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯಲ್ಲಿ ಕ್ಷಾಮ ತೀರಿತೆಂಬ ಧಾಟಿಯಲ್ಲಿ ಅದನ್ನು ದೈವದ ವ್ಯವಸ್ಥೆಯೆಂದು ವಿವರಿಸಿದವನು ಇದೇ ದೂತ. ಆ ಏಪ್ರಿಲಿನಲ್ಲಿ ಅವನಿಗೆ ಸರ್ ಪದವಿ ಬಂದಿತು. ಆ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಮತ್ತೆ ಕೊಳೆಯಿತು.

ಇಬ್ಬರ ವಾದದಲ್ಲಿಯೂ ಹಿಂದೆ ಸರಿದಿರುವ ಸಂಗತಿಯೊಂದುಂಟು. ನಡವಳಿ ಹೊರಟು ಐದೇ ವಾರಗಳಲ್ಲಿ, ೧೮೪೬ರ ಅಕ್ಟೋಬರ್ ೫ರಂದು, ಮುಖ್ಯ ಕಾರ್ಯದರ್ಶಿ ಲಬೂಷೇರನು ಕೋಟೆಯಿಂದ ಒಂದು ಪತ್ರ ಹೊರಡಿಸಿ, ಬರಿಯ ರಸ್ತೆಗಳಿಗೆ ಬದಲು ಜಮೀನಿನ ನೀರು ಬಸಿಯುವ ಕಾಲುವೆಗಳಂಥ ಫಲ ಕೊಡುವ ಕೆಲಸಗಳಿಗೂ ಹಣವನ್ನು ಬಳಸಲು ದಾರಿ ಮಾಡಿದನು. ಅದರಿಂದ ಹೆಚ್ಚು ಫಲ ದೊರೆಯಲಿಲ್ಲವೆಂಬುದು ನಿಜ. ಆದರೂ ಕಬ್ಬಿಣದ ಗೆರೆಯೆಂದು ಕಾಣುತ್ತಿದ್ದುದು ಒಂದು ಪತ್ರಕ್ಕೆ ಬಾಗಿತು, ಬಾಗಿಸಬಲ್ಲವರು ಇದ್ದರು. ಬಾಗದೆ ಉಳಿದ ಕಡೆಗಳಲ್ಲೆಲ್ಲ ಯಾರೋ ಒಬ್ಬರು ಬಾಗಿಸಲಿಲ್ಲವೆಂದೇ ಅರ್ಥ. ಪಾರ್ಲಿಮೆಂಟಿಗೆ ಒಪ್ಪಿಸಿದ ೧೮೪೬ ಮತ್ತು ೧೮೪೭ರ ಮುದ್ರಿತ ಪತ್ರಸಂಪುಟಗಳೇ ನಮ್ಮಂಥ ದೂರದ ಓದುಗರಿಗೆ ಸುಲಭವಾಗಿ ಸಿಕ್ಕುವುವು. ಅವುಗಳನ್ನು ಆಯ್ದು ಮುದ್ರಿಸಿದವರು ಸರ್ಕಾರದವರೇ ಎಂಬುದನ್ನು ಪುಟಪುಟಕ್ಕೂ ನೆನೆಯುತ್ತ ಓದಬೇಕು.

ಟ್ರೆವೆಲಿಯನ್ನನಿಗೆ ಸ್ವಂತ ಕಂಠವಿರಲಿಲ್ಲವೆಂದು ಯಾರೂ ಹೇಳಲಾರರು. ೧೮೪೩ರಲ್ಲಿ ಐರ್ಲೆಂಡಿನ ಪ್ರವಾಸದಿಂದ ಹಿಂದಿರುಗಿ 'ಫಿಲಲೆಥೀಸ್' ಎಂಬ ಗುಪ್ತನಾಮದಿಂದ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗೆ ಬರೆದು ಪೀಲನ ಅಸಮಾಧಾನಕ್ಕೆ ಪಾತ್ರನಾಗಿದ್ದನು. ೧೮೫೯ರಲ್ಲಿ ಅವನು ಮದರಾಸಿನ ಗವರ್ನರನಾಗಿ ಬಂದನು. ಆಗ ಬಳ್ಳಾರಿ ಮತ್ತು ಕನ್ನಡ ಜಿಲ್ಲೆಗಳು ಆ ಆಧಿಪತ್ಯಕ್ಕೆ ಸೇರಿದ್ದುದರಿಂದ ಕನ್ನಡಿಗರಲ್ಲಿಯೂ ಒಂದು ಪಾಲು ಅವನ ಆಳ್ವಿಕೆಗೆ ಒಳಪಟ್ಟಿತು. ಜೇಮ್ಸ್ ವಿಲ್ಸನ್ನನು ತಂದ ಆದಾಯತೆರಿಗೆ ಈ ದೇಶಕ್ಕೆ ಸಲ್ಲದೆಂದು ಅವನು ತನ್ನ ಹೆಸರಿನಲ್ಲಿಯೇ ಟಿಪ್ಪಣಿ ಬರೆದು ಪ್ರಕಟಿಸಿಬಿಟ್ಟನು. ೧೮೬೦ರಲ್ಲಿ ಅವನನ್ನು ವಾಪಸು ಕರೆಸಿದರು. ಆಗ ಇಂಡಿಯಾ ಮಂತ್ರಿಯಾಗಿದ್ದವನು ಸರ್ ಚಾರ್ಲ್ಸ್ ವುಡ್. ೧೮೪೬ರಿಂದ ೧೮೫೨ರವರೆಗೆ ಅರ್ಥಮಂತ್ರಿಯಾಗಿದ್ದು, ಯಾವ ಪ್ರಭುಗಳ ಅಪ್ಪಣೆಯೆಂದು ಟ್ರೆವೆಲಿಯನ್ ಐರ್ಲೆಂಡಿಗೆ ಬರೆಯುತ್ತಿದ್ದನೋ ಅವರಲ್ಲಿ ಎರಡನೆಯವನಾಗಿದ್ದವನು.