ಶೇರ್‌ವೇರ್ ಭಂಡಾರದ ಸೂಚಿ: ಒಂದು ವಿಮರ್ಶೆ

೧

ಗ್ರಂಥಸೂಚಿಯನ್ನೇ ಒಂದು ಗ್ರಂಥವೆಂದು ಬಗೆದು ಅದರ ಗುಣದೋಷಗಳನ್ನು ವಿವೇಚಿಸುವ ಪದ್ಧತಿ ನಮ್ಮಲ್ಲಿ ವಿರಳ. ಸೂಚಿ ದ್ವಾರಪಾಲಕನಿದ್ದಂತೆ, ಒಳಹೊಕ್ಕವರು ಅವನ ಮುಖವನ್ನು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ಆದರೂ ಯಾವ ಕೋಣೆಗೆ ಯಾರು ಹೋಗಬೇಕು, ಯಾವ ಕೋಣೆಯ ಸುಳಿವೇ ಯಾರಿಗೂ ಹತ್ತಬಾರದು ಎಂಬುದನ್ನು ನಿರ್ಣಯಿಸುವವನು ಅವನೇ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ೧೯೦೭ರಿಂದ ೧೯೨೯ರ ವರೆಗಿನ ಅವಧಿಯಲ್ಲಿ ಹೊರಬರದೆ ಹೋಗಿದ್ದರೆ ಕನ್ನಡ ಸಾಹಿತ್ಯಚರಿತ್ರೆಯ ಅಭ್ಯಾಸ ಎಷ್ಟು ಹಿಂದೆ ಬೀಳುತ್ತಿತ್ತೆಂಬುದನ್ನು ಬಲ್ಲವರು ಸೂಚಿಯ ಮಹತ್ವವನ್ನು ಅಲ್ಲಗಳೆಯಲಾರರು.

ಪ್ರಸ್ತುತ ಲೇಖನದಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಕಾವ್ಯಗಳ ಸೂಚಿಯನ್ನಲ್ಲ, ಗಣಕಯಂತ್ರದ ತಂತ್ರಾಂಶಗಳ ಸೂಚಿಯನ್ನು. ಅದರಲ್ಲಿಯೂ ‘ಶೇರ್‌ವೇರ್’ ಎಂಬ ಹೆಸರಿನಿಂದ ಅಮೆರಿಕೆಯಲ್ಲಿ ಬೆಳೆದ ಒಂದು ವಿಶಿಷ್ಟ ಭಂಡಾರದ ವಿದ್ಯುನ್ಮಾನ ಸೂಚಿಯನ್ನು. ಇದು ಸಂಶೋಧನ ಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕರು ಶಂಕಿಸಬಹುದು. ಹೊರನಾಡಿನ ನಮ್ಮ ಸಂಘಗಳ ಪುಸ್ತಕಭಂಡಾರಗಳು ಕಪಾಟಿನಿಂದ ಗಣಕಕ್ಕೆ ಏರುತ್ತಿರುವ ಈ ಕಾಲದಲ್ಲಿ, ಆ ದಾರಿಯನ್ನು ನಮಗಿಂತ ಮೊದಲು ನಡೆದು ಮುಗಿಸಿದವರ ಹೆಜ್ಜೆಗಳನ್ನು ಪರೀಕ್ಷಿಸುವುದು ಅನಗತ್ಯವಲ್ಲವೆಂಬುದೇ ಅದಕ್ಕೆ ಸಮಾಧಾನ.

೨

ಮೊದಲು ವಸ್ತುವಿನ ಪರಿಚಯ. ೧೯೮೨ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬವರು ದೂರವಾಣಿಯ ತಂತಿಯ ಮೂಲಕ ಗಣಕಗಳು ಪರಸ್ಪರ ಮಾತಾಡುವಂತೆ ಮಾಡುವ ‘ಪಿಸಿ-ಟಾಕ್’ ಎಂಬ ತಂತ್ರಾಂಶವನ್ನು ರಚಿಸಿದರು. ಅದೇ ಕಾಲದಲ್ಲಿ ಜಿಮ್ ನಾಫ್ ಎಂಬವರು ಮಾಹಿತಿಯನ್ನು ಅಡಕವಾಗಿ ಇರಿಸುವ ‘ಪಿಸಿ-ಫೈಲ್’ ಎಂಬುದನ್ನು ಸಿದ್ಧಪಡಿಸಿದ್ದರು. ಇಬ್ಬರೂ ತಂತಮ್ಮ ಕೃತಿಗಳನ್ನು ಅಂಗಡಿಗೆ ಒಯ್ಯಲಿಲ್ಲ. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಬಳಸಿ ನೋಡಿ ಮೆಚ್ಚಿದವರು ಹಣ ಕಳಿಸಬಹುದು ಎಂದು ಸಾರಿದರು. ಒಬ್ಬರ ವಿಷಯ ಮತ್ತೊಬ್ಬರಿಗೆ ತಿಳಿದ ಮೇಲೆ ಇಬ್ಬರೂ ೨೫ ಡಾಲರಿನ ಒಂದೇ ಬೆಲೆಯನ್ನು ಗೊತ್ತುಮಾಡಿಕೊಂಡರು. ೧೯೮೩ರಲ್ಲಿ ಬಾಬ್ ವ್ಯಾಲೇಸ್ ಅವರ ‘ಪಿಸಿ-ರೈಟ್’ ಬಂದಿತು; ‘ಶೇರ್‌ವೇರ್’ ಎಂಬ ಮಾತು ರೂಢಿಗೆ ಬಂದುದು ಅವರಿಂದ. ಹಣ ಕೊಟ್ಟು ನೋಂದಾಯಿಸಿಕೊಂಡವನು ಹಂಚಿದ ಪ್ರತಿಯಿಂದ ಮತ್ತೊಬ್ಬನು ನೋಂದಾಯಿಸಿಕೊಂಡರೆ ಮೊದಲಿನವನಿಗೆ ೨೫ ಡಾಲರು ಸಲ್ಲುವ ಏರ್ಪಾಡನ್ನೂ ಅವರು ಮಾಡಿದ್ದರು. ೧೯೮೭ರಲ್ಲಿ ಇಂತಹ ಕರ್ತೃಗಳೆಲ್ಲ ಸೇರಿ ಒಂದು ಸಂಘವನ್ನು ಕಟ್ಟಿದರು.

ಲೇವಾದೇವಿಯ ವ್ಯವಹಾರವನ್ನು ಬಲ್ಲವರಿಗೆ ಇದರ ಸ್ವರೂಪ ಕೂಡಲೇ ತಿಳಿಯುತ್ತದೆ. ಇದು ಒತ್ತೆಯಿಲ್ಲದ, ಜಾಮೀನಿಲ್ಲದ, ಸಾಲಗಾರನ ಹೆಸರನ್ನು ಸಹ ಕೇಳದ ಸಾಲ. ಇಷ್ಟೊಂದು ವಿಶ್ವಾಸದ ಮೇಲೆ ನಿಂತ ವ್ಯವಹಾರಕ್ಕೆ ಇದ್ದ ಏಕಮಾತ್ರ ಆಧಾರ, ಕೃತಿ ಬಳಕೆದಾರನನ್ನು ತಲಪುವುದು. ಜಾಹೀರಾತಿಗೆ ಹಣವಿಲ್ಲದ ಕರ್ತೃ ಅದಕ್ಕಾಗಿ ಸೂಚಿಯನ್ನೇ ನೆಚ್ಚಬೇಕಾಗಿತ್ತು.

೩

ಭಂಡಾರಗಳು ಹಲವು. ಕ್ಯಾಲಿಫೋರ್ನಿಯದ ಪಿಸಿ-ಸಿಗ್ ಎಂಬ ಸಂಸ್ಥೆ ಫ್ಲಾಪಿಗಳಿಗೆ ಕ್ರಮಸಂಖ್ಯೆ ಕೊಟ್ಟು, ಮುದ್ರಿತ ಸೂಚಿಯ ಮೂಲಕ ಅಂಚೆಯಲ್ಲಿ ಮಾರುತ್ತಿತ್ತು. ತರುವಾಯ ಇಡೀ ಭಂಡಾರವನ್ನು ಸಿ.ಡಿ.ಗೆ ತುಂಬಿತು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಎಂಬಲ್ಲಿ ಅಮೆರಿಕೆಯ ಸೈನ್ಯದ ಕ್ಷಿಪಣಿ ಪ್ರಯೋಗಕ್ಷೇತ್ರವೊಂದುಂಟು. ಅಲ್ಲಿಯ ಗಣಕವೊಂದರಲ್ಲಿ ಬೆಳೆದ ‘ಸಿಮ್‌ಟೆಲ್’ ಭಂಡಾರ ಇವೆಲ್ಲಕ್ಕಿಂತ ಹೆಚ್ಚು ಗೌರವ ಪಡೆಯಿತು. ಕೀತ್ ಪೀಟರ್‌ಸನ್ ಅದರ ನಿರ್ವಾಹಕರಾಗಿದ್ದರು. ೧೯೯೩ರಲ್ಲಿ ಆ ಗಣಕವನ್ನು ನಿಲ್ಲಿಸಿದ ಮೇಲೆ ವಾಲ್‌ನಟ್ ಕ್ರೀಕ್ ಎಂಬ ಸಿ.ಡಿ. ಪ್ರಕಾಶಕ ಸಂಸ್ಥೆ ಭಂಡಾರಕ್ಕೆ ಆಶ್ರಯ ನೀಡಿತು. ೨೦೧೩ರಲ್ಲಿ ಸಿಮ್‌ಟೆಲ್ ಮುಚ್ಚಿಹೋಯಿತು.

ಸಿಮ್‌ಟೆಲ್ ಸೂಚಿಯ ರಚನೆ ಹೀಗೆ. ಪ್ರತಿಯೊಂದು ವಿಭಾಗದ ತಲೆಯಲ್ಲಿ ವಿಭಾಗದ ಹೆಸರು. ಅದರ ಕೆಳಗೆ ಐದು ಅಂಕಣಗಳು: ಕಡತದ ಹೆಸರು, ಜಾತಿ, ಗಾತ್ರ, ದಿನಾಂಕ, ವಿವರಣೆ. ಜಾತಿಯ ಅಂಕಣದಲ್ಲಿ ಒಂದೇ ಅಕ್ಷರ. ಕಡತ ಯಂತ್ರ ಓದತಕ್ಕದ್ದೋ ಮನುಷ್ಯ ಓದತಕ್ಕದ್ದೋ ಎಂಬುದನ್ನು ಅದು ಹೇಳುತ್ತದೆ. ದಿನಾಂಕಕ್ಕೆ ಆರು ಅಂಕಿಗಳು. ವರ್ಷಕ್ಕೆ ಕಡೆಯ ಎರಡೇ. ವಿವರಣೆಗೆ ಒಂದು ಸಾಲಿಗಿಂತ ಹೆಚ್ಚು ಎಡೆಯಿಲ್ಲ.

ಈ ಒಂದು ಸಾಲಿನ ಶಿಸ್ತು ಮೆಚ್ಚತಕ್ಕದ್ದು. ಅಲ್ಲಿ ವಿಶೇಷಣಗಳಿಗೆ ಜಾಗವಿಲ್ಲ. ಇದು ಏನು ಮಾಡುತ್ತದೆ ಎಂಬುದನ್ನು ಹೇಳಿ ಸಾಲು ಮುಗಿಯುತ್ತದೆ. ನಮ್ಮ ಹಳೆಯ ಹಸ್ತಪ್ರತಿ ಸೂಚಿಗಳಲ್ಲಿ ಓಲೆಯ ಸಂಖ್ಯೆ, ಸ್ಥಿತಿ, ಆದಿ, ಅಂತ್ಯ ಎಂದು ನಮೂದಿಸುವ ಕ್ರಮವನ್ನು ಬಲ್ಲವರಿಗೆ ಈ ಮಿತಭಾಷೆ ಪರಕೀಯವಾಗಿ ತೋರುವುದಿಲ್ಲ. ಮೇಲಾಗಿ, ವಿಭಾಗಗಳ ಮೂಲಕ ಅಡ್ಡಾಡುವ ಅನುಕೂಲವುಂಟು. ಪದಪರೀಕ್ಷಕವನ್ನು ಹುಡುಕಿಕೊಂಡು ಹೋದವನಿಗೆ ಪಕ್ಕದ ಸಾಲಿನಲ್ಲಿ ಅಕ್ಷರಗಳನ್ನು ಎಣಿಸುವ ಉಪಕರಣ ಕಾಣುತ್ತದೆ. ಅದು ತನಗೆ ಬೇಕೆಂಬುದು ಕಂಡ ಮೇಲೆಯೇ ಅವನಿಗೆ ತಿಳಿಯುತ್ತದೆ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪುಸ್ತಕಕ್ಕೂ ಅದರ ವಾಚಕನು ದೊರೆಯಬೇಕೆಂಬ ಆಶಯ ಒಂದು. ವಾಚಕನು ಪುಸ್ತಕವನ್ನು ಹುಡುಕುವಂತೆಯೇ ಪುಸ್ತಕವೂ ವಾಚಕನನ್ನು ಹುಡುಕುತ್ತದೆ ಎಂಬ ಈ ತತ್ತ್ವವನ್ನು ಆ ಸೂಚಿ ತನ್ನ ಮಟ್ಟಿಗೆ ಪಾಲಿಸಿತೆನ್ನಬಹುದು.

೪

ಇನ್ನು ದೋಷಗಳ ವಿಚಾರ. ಮೊದಲನೆಯದು ಹೆಸರುಗಳದು. ಅಂದಿನ ಡಾಸ್ ವ್ಯವಸ್ಥೆಯಲ್ಲಿ ಹೆಸರಿಗೆ ಎಂಟು ರೋಮನ್ ಅಕ್ಷರಗಳು, ಚುಕ್ಕೆಯ ಮುಂದೆ ಮತ್ತೆ ಮೂರು. ಅದಕ್ಕಿಂತ ಹೆಚ್ಚು ಸಲ್ಲದು. ಖಗೋಳ ವಿಜ್ಞಾನಕ್ಕೂ ಶಿಕ್ಷಣಕ್ಕೂ ಇಂಗ್ಲಿಷಿನಲ್ಲಿ ಒಂಬತ್ತು ಒಂಬತ್ತು ಅಕ್ಷರಗಳು. ಆದುದರಿಂದ ಎರಡೂ ವಿಭಾಗಗಳ ಹೆಸರಿನಿಂದ ಒಂದೊಂದು ‘ಓ’ಕಾರವನ್ನು ಕಿತ್ತು ಎಂಟಕ್ಕೆ ಇಳಿಸಿದರು. ಅದಂತಿರಲಿ, ವಿಭಾಗದ ಹೆಸರನ್ನು ಊಹಿಸಬಹುದು. ಕಡತಗಳ ಹೆಸರು ಮಾತ್ರ ಒಗಟೇ ಸರಿ. ವಿವರಣೆಯ ಆ ಒಂದು ಸಾಲು ಕಳೆದುಹೋದರೆ ಕಡತವಿದ್ದೂ ಇಲ್ಲದಂತೆ.

ಎರಡನೆಯದು ಇದಕ್ಕಿಂತ ಗುರುತರ. ವಿವರಣೆ ಕಳೆದುಹೋಗಬಾರದೆಂದೇ ‘ಫೈಲ್-ಐಡಿ-ಡಿಜ್’ ಎಂಬ ಪುಟ್ಟ ಕಡತವನ್ನು ತಂತ್ರಾಂಶದ ಗಂಟಿನೊಳಗೇ ಇಡುವ ಸಂಪ್ರದಾಯ ಮುಂದೆ ಬಂದಿತು. ಸಾಲಿಗೆ ೪೫ ಅಕ್ಷರ, ಒಟ್ಟು ಹತ್ತು ಸಾಲು, ಇದು ಅದರ ಅಳತೆ. ಭಂಡಾರದ ಯಂತ್ರ ಗಂಟನ್ನು ಬಿಚ್ಚಿ ಈ ಸಾಲುಗಳನ್ನು ತಾನಾಗಿಯೇ ಸೂಚಿಗೆ ಸೇರಿಸಿಕೊಳ್ಳುತ್ತಿತ್ತು. ಯುಕ್ತಿಯೇನೋ ಸೊಗಸಾದುದೇ. ಮಗು ತನ್ನ ಹೆಸರಿನ ಚೀಟಿಯನ್ನು ತಾನೇ ಕೊರಳಿಗೆ ಕಟ್ಟಿಕೊಂಡು ಜಾತ್ರೆಗೆ ಹೋದಂತೆ. ಆದರೆ ಚೀಟಿ ಬರೆಯುವವನು ಸ್ವತಃ ಕರ್ತೃ. ಸೂಚಿಕಾರನ ಕೈಯಿಂದ ಹಾದು ಬರುತ್ತಿದ್ದ ಒಂದು ಸಾಲು ಹೋಗಿ, ಕರ್ತೃವಿನ ಹತ್ತು ಸಾಲಿನ ಆತ್ಮಪ್ರಶಂಸೆ ಬಂದಿತು. ವಿವರಣೆ ಹಲವು ಪಟ್ಟು ಬೆಳೆಯಿತು, ವಿವೇಚನೆ ಇಲ್ಲವಾಯಿತು. ಪ್ರತಿಯೊಬ್ಬನೂ ತನ್ನದೇ ಅತ್ಯುತ್ತಮವೆಂದು ಹೇಳಿಕೊಳ್ಳುವ ಪಟ್ಟಿಯಲ್ಲಿ ಉತ್ತಮ ಯಾವುದೆಂದು ತಿಳಿಯುವ ಬಗೆಯೇನು? ಸಾಲ ಬೇಡುವವನು ತನ್ನ ಯೋಗ್ಯತೆಯ ಬಗೆಗೆ ತಾನೇ ಬರೆದುಕೊಟ್ಟ ಪತ್ರವನ್ನು ಬ್ಯಾಂಕು ಕಡತದಲ್ಲಿಟ್ಟುಕೊಳ್ಳುತ್ತದೆ. ಅದನ್ನೇ ವರದಿಯೆಂದು ಕರೆಯುವುದಿಲ್ಲ.

ಮೂರನೆಯ ದೋಷ, ಸೂಚಿಯ ಅಂಕಣಗಳಲ್ಲಿ ಇಲ್ಲದುದು. ಗಾತ್ರವುಂಟು, ದಿನಾಂಕವುಂಟು, ಕರ್ತೃ ಕೇಳುವ ಹಣವೆಷ್ಟು, ಅದನ್ನು ಎಲ್ಲಿಗೆ ಕಳಿಸಬೇಕು ಎಂಬ ಅಂಕಣವಿಲ್ಲ. ಫ್ಲಾಪಿಗೋ ಸಿ.ಡಿ.ಗೋ ಬೆಲೆ ತೆತ್ತವರಲ್ಲಿ ಅನೇಕರು ತಂತ್ರಾಂಶದ ಋಣವೂ ಅದರಿಂದಲೇ ತೀರಿತೆಂದು ತಿಳಿದರು. ವಾಸ್ತವವಾಗಿ ಆ ಹಣ ಸೇರಿದುದು ಭಂಡಾರದವರನ್ನು, ಕರ್ತೃವನ್ನಲ್ಲ. ಈ ಗೊಂದಲವನ್ನು ಒಂದೇ ಒಂದು ಅಂಕಣ ನಿವಾರಿಸಬಹುದಾಗಿತ್ತು.

ಭಾರತದ ಬಳಕೆದಾರನ ಪಾಲಿಗೆ ಈ ಕೊರತೆ ಇನ್ನೂ ತೀವ್ರವಾದುದು. ಸೂಚಿಯ ಕಣ್ಣಿನ ಮುಂದಿದ್ದ ವಾಚಕನು ಅಮೆರಿಕೆಯವನು. ಚೆಕ್ಕು ಬರೆದು ಅಂಚೆಪೆಟ್ಟಿಗೆಗೆ ಹಾಕಿದರೆ ಅವನ ಕೆಲಸ ಮುಗಿಯಿತು. ಇತ್ತ ಭಾರತದಲ್ಲಿ ೧೯೭೩ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ ಜಾರಿಯಲ್ಲಿತ್ತು. ೨೫ ಡಾಲರು ಅಲ್ಪ ಮೊತ್ತವೇ. ಆದರೆ ಅದನ್ನು ಹೊರದೇಶಕ್ಕೆ ಕಳಿಸುವುದು ಸಾಮಾನ್ಯನೊಬ್ಬನು ಮಧ್ಯಾಹ್ನದ ಬಿಡುವಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸವಾಗಿರಲಿಲ್ಲ. ೧೯೯೪ರ ಆಗಸ್ಟಿನಲ್ಲಿ ಚಾಲ್ತಿ ಖಾತೆಯ ವ್ಯವಹಾರಗಳಿಗೆ ರೂಪಾಯಿಯ ಪರಿವರ್ತನೆ ಮುಕ್ತವಾಯಿತು. ೨೦೦೦ದ ಜೂನ್ ಒಂದರಿಂದ ಹಳೆಯ ಕಾಯಿದೆಯ ಸ್ಥಾನಕ್ಕೆ ಹೊಸತು ಬಂದಿತು. ಅಷ್ಟರಲ್ಲಿ ಶೇರ್‌ವೇರಿನ ಉಚ್ಛ್ರಾಯಕಾಲ ಕಳೆಯುತ್ತ ಬಂದಿತ್ತು. ಆ ವರ್ಷಗಳಲ್ಲಿ ಹಣ ಕಳಿಸದವರನ್ನೆಲ್ಲ ಕಳ್ಳರೆಂದು ಕರೆಯುವವರು ಈ ಸಂಗತಿಯನ್ನು ಗಮನಿಸಬೇಕು. ಕಳಿಸುವ ಮನಸ್ಸಿದ್ದೂ ದಾರಿ ಸುಗಮವಾಗಿಲ್ಲದ ಒಬ್ಬ ಸಾಲಗಾರನಿರಬಹುದೆಂಬುದು ಸೂಚಿಕಾರನ ಕಲ್ಪನೆಗೆ ಬರಲಿಲ್ಲ.

೫

ಈಗ ಆ ಸಿ.ಡಿ.ಗಳಲ್ಲಿ ಬಹುಸಂಖ್ಯೆಯವು ಇಂಟರ್ನೆಟ್ ಆರ್ಕೈವ್‌ನಲ್ಲಿ ರಕ್ಷಿತವಾಗಿವೆ. ೨೦೨೨ರಲ್ಲಿ ‘ಡಿಸ್ಕ್‌ಮಾಸ್ಟರ್’ ಎಂಬ ಹೊಸ ಸೂಚಿಯೂ ತೆರೆಯಿತು. ಹಳೆಯ ಸಿ.ಡಿ. ಮತ್ತು ಫ್ಲಾಪಿಗಳ ಗಂಟುಗಳನ್ನೆಲ್ಲ ಬಿಚ್ಚಿ, ಒಂಬತ್ತು ಕೋಟಿಗೂ ಮಿಕ್ಕ ಕಡತಗಳನ್ನು ಹೆಸರು, ಜಾತಿ, ಗಾತ್ರಗಳಿಂದ ಹುಡುಕಿ ನೋಡುವಂತೆ ಅದು ಮಾಡಿದೆ. ವಾಚಕನ ಕಾಲವನ್ನು ಉಳಿಸಬೇಕೆಂಬ ರಂಗನಾಥನ್ ಅವರ ಮತ್ತೊಂದು ಆಶಯಕ್ಕೆ ಇದಕ್ಕಿಂತ ದೊಡ್ಡ ಸೇವೆ ದುರ್ಲಭ. ಸಿಮ್‌ಟೆಲ್ಲಿನ ಒಂದು ಸಾಲು ಬಾಗಿಲನ್ನು ತೋರಿಸಿದರೆ ಇದು ಗೋಡೆಗಳನ್ನೇ ತೆಗೆದುಹಾಕಿದೆ.

ಆದರೆ ಗೋಡೆಯಿಲ್ಲದ ಮನೆಯಲ್ಲಿ ಕೋಣೆಗಳೂ ಇರುವುದಿಲ್ಲವಷ್ಟೆ. ಹುಡುಕುವವನು ಹೆಸರನ್ನು ಮೊದಲೇ ಬಲ್ಲವನಾಗಿರಬೇಕು. ಅರಿಯದವನಿಗೆ ದಾರಿ ತೋರುವುದೇ ಸೂಚಿಯ ಧರ್ಮವಾದರೆ, ಹುಡುಕಾಟದ ಯಂತ್ರ ಅರಿತವನಿಗಷ್ಟೇ ನೆರವಾಗುತ್ತದೆ. ಹಳೆಯ ಸೂಚಿ ಬಡವಾಗಿತ್ತು, ಆದರೆ ಪಕ್ಕದ ಸಾಲನ್ನು ತೋರಿಸುತ್ತಿತ್ತು. ಹೊಸದು ಸಂಪನ್ನವಾಗಿದೆ, ಕೇಳಿದ್ದನ್ನು ಮಾತ್ರ ಕೊಡುತ್ತದೆ. ಎರಡರಲ್ಲಿಯೂ ಇಲ್ಲದುದು ಒಬ್ಬ ವಿವೇಕಿಯ ಅಭಿಪ್ರಾಯ: ಇದು ಒಳ್ಳೆಯದು, ಇದು ಸಾಧಾರಣ, ಇದನ್ನು ಇಂಥವರು ಇಂಥ ಕೆಲಸಕ್ಕೆ ಬಳಸಿದರು ಎಂಬ ಮಾತು.

ಇನ್ನೊಂದು ಸಂಗತಿಯನ್ನು ಹೇಳದಿರಲಾಗದು. ಇಂದು ಈ ತಂತ್ರಾಂಶಗಳಲ್ಲಿ ಅನೇಕವನ್ನು ಜಾಲದೊಳಗೇ ಮತ್ತೆ ನಡೆಸಿ ನೋಡಬಹುದು. ಕೆಲಸ ಮುಗಿಸಿ ಹೊರಡುವಾಗ, ಮೆಚ್ಚಿದ್ದರೆ ಇಷ್ಟು ಡಾಲರನ್ನು ಈ ವಿಳಾಸಕ್ಕೆ ಕಳಿಸಿ ಎಂಬ ಬಿನ್ನಹ ಪರದೆಯ ಮೇಲೆ ಮೂಡುತ್ತದೆ. ಪಿಸಿ-ರೈಟ್‌ನ ವ್ಯಾಲೇಸ್ ೨೦೦೨ರಲ್ಲಿಯೇ ತೀರಿಕೊಂಡರು. ಕರ್ತೃಗಳ ಆ ಸಂಘವೂ ೨೦೨೧ರಲ್ಲಿ ವಿಸರ್ಜನೆಗೊಂಡಿತು. ಕೇಳುವವನಿಲ್ಲದ ಮೇಲೂ ಕೇಳಿಕೆ ಉಳಿದಿದೆ. ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಯನ್ನು ಒಂದು ದಿನ ತೊಡೆದುಹಾಕುತ್ತಾರೆ. ಈ ಬಾಕಿಯನ್ನು ತೊಡೆಯುವ ಅಧಿಕಾರ ಯಾರಿಗೂ ಇಲ್ಲ. ಕರ್ತೃವಿನ ಹೆಸರನ್ನು ಸರಿಯಾಗಿ ನಮೂದಿಸುವುದೊಂದೇ ಈಗ ನಾವು ಸಲ್ಲಿಸಬಹುದಾದ ಕಂತು.

೬

ಇದರಿಂದ ನಮಗೇನು? ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳು ಚಿತ್ರರೂಪದಲ್ಲಿ ಉಳಿದುಕೊಂಡುವು, ಅದು ಉಪಕಾರವೇ. ಆದರೆ ಸೂಚಿಯಲ್ಲಿ ಆ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ, ಹ್ರಸ್ವ ದೀರ್ಘಗಳ ಭೇದವಿಲ್ಲದೆ, ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆಯಿಲ್ಲದೆ, ಎಷ್ಟೋ ಕಡೆ ಗುರುತು ಸಿಕ್ಕದಷ್ಟು ವಿರೂಪಗೊಂಡು ಕುಳಿತುವು. ಡಾಸ್ ವ್ಯವಸ್ಥೆ ಒಂದು ಓಕಾರವನ್ನು ಕಿತ್ತುದು ಯಂತ್ರದ ಇಕ್ಕಟ್ಟಿನಿಂದ. ನಮ್ಮಲ್ಲಿ ಅಂತಹ ಇಕ್ಕಟ್ಟೇನೂ ಇರಲಿಲ್ಲ. ‘ಸಂಚಯ’ದ ತರುಣರು ಹತ್ತಾರು ಮಂದಿಯ ನೆರವಿನಿಂದ ಆ ಹೆಸರುಗಳನ್ನು ಕನ್ನಡ ಲಿಪಿಗೆ ತಂದು ‘ಪುಸ್ತಕ ಸಂಚಯ’ವನ್ನು ಕಟ್ಟಿದುದು ಈ ಕಾರಣದಿಂದಲೇ ಸ್ತುತ್ಯವಾದ ಕಾರ್ಯ.

ಹೊರನಾಡಿನ ಸಂಘಗಳ ಭಂಡಾರಗಳಲ್ಲಿ ತಾಯ್ನಾಡಿನಲ್ಲಿಯೂ ಸುಲಭವಾಗಿ ದೊರೆಯದ ಸಾಮಗ್ರಿಯುಂಟು: ಸ್ಮರಣಸಂಚಿಕೆಗಳು, ನಾಟಕಗಳ ಕೈಬರಹದ ಪ್ರತಿಗಳು, ವಾರ್ಷಿಕ ವರದಿಗಳು. ಇವುಗಳ ಛಾಯಾಪ್ರತಿ ತೆಗೆಯುವ ಉತ್ಸಾಹಕ್ಕೆ ಈಗ ಕೊರತೆಯಿಲ್ಲ. ಅವುಗಳನ್ನು ಓದಿ, ಒಂದು ಸಾಲಿನಲ್ಲಿ ಇದು ಇಂಥದೆಂದು ಬರೆಯುವ ತಾಳ್ಮೆಗೆ ಕೊರತೆಯುಂಟು. ಯಂತ್ರ ಚಿತ್ರ ತೆಗೆಯುತ್ತದೆ, ಅಕ್ಷರಗಳನ್ನೂ ಒಂದಷ್ಟು ಗುರುತಿಸುತ್ತದೆ. ಈ ನಾಟಕ ಯಾವ ಊರಿನ ಯಾವ ಹವ್ಯಾಸಿ ತಂಡದ್ದು, ಅಂಚಿನಲ್ಲಿರುವ ತಿದ್ದುಪಡಿ ಯಾರ ಕೈಯದು ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಸ್ಕ್ಯಾನರನ್ನು ಮುಂದಿನ ವರ್ಷವೂ ಕೊಳ್ಳಬಹುದು. ಅವರಿಂದ ಆ ಒಂದು ಸಾಲನ್ನು ಬರೆಸಿಕೊಳ್ಳುವ ಕೆಲಸ ಮಾತ್ರ ಮುಂದಿನ ವರ್ಷಕ್ಕೆ ಕಾಯತಕ್ಕದ್ದಲ್ಲ.